ಅಕ್ಕೋರ್ರೀ, ಒಂದ್ ಮಾತು: ಸಭೆಗೆ ಬಂದು ಸಹಿ ಮಾಡಿದರ ಸಾಕೇನ್ರಿ?

ಸಂಕ್ರಾಂತಿ ದಾಟಿತೆಂದರೆ ಈ ಅಂಕಣಕ್ಕೆ ಬರುವ ಟಪಾಲು ದಪ್ಪಗಾಗುತ್ತದೆ. ಪರೀಕ್ಷೆ ಹತ್ತಿರ, ಸುಗ್ಗಿ ಕೆಲಸ ಜೋರು, ಗುಳೆ ಹೋಗುವವರ ಗಂಟು ತಯಾರು. ಈ ಸಲದ ಪತ್ರಗಳಲ್ಲಿ ಬಹಳಷ್ಟು ಒಂದೇ ಮಾತಿನ ಸುತ್ತ ಇವೆ: ಮಕ್ಕಳ ಸಾಲಿ ಅಭ್ಯಾಸದಾಗ ಮನೆಯವರು ಎಷ್ಟು ಕೈ ಹಾಕಬೇಕು, ಹೆಂಗ ಹಾಕಬೇಕು? ಹೆಸರು ಬೇಡ ಅಂದವರೇ ಹೆಚ್ಚು. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ, ಊರಷ್ಟೇ ಹಾಕಿದೆ.

ಪ್ರಶ್ನೆ: ಅಕ್ಕೋರ್ರೀ, ನನ್ನ ಮಗಳು ಕನ್ನಡ ಸಾಲ್ಯಾಗ ನಾಕನೇತ್ತ ಅದಾಳ. ನಾನು ಮೆಣಸಿನಕಾಯಿ ತೊಟ್ಟು ಬಿಡಸಾಕ ಹೊಕ್ಕೇನಿ, ಬಿಡಿಸಿದ ಕೆಜಿ ಮ್ಯಾಲ ಪಗಾರ. ಪಾಲಕರ ಸಭೆ ಸೋಮವಾರ ಇಲ್ಲಾ ಗುರುವಾರನ ಇಡತಾರ, ಅವತ್ತs ಮಾರ್ಕೆಟ್ ಜೋರು ಇರತೈತಿ. ನನಗ ಓದಾಕ ಬರಂಗಿಲ್ಲ. ಹೋದರೂ ಏನ್ ಕೇಳಬೇಕು ತಿಳಿಯಂಗಿಲ್ಲ. ಈ ಪತ್ರಾನೂ ನನ್ನ ತಮ್ಮನ ಮಗಳು ಬರದಾಳ. — ಬ್ಯಾಡಗಿ

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಆವಕ ಬರುವ ದಿನ ಎಂಬುದು ಊರಿನ ಸಣ್ಣ ಹುಡುಗರಿಗೂ ಗೊತ್ತು. ಅದೇ ದಿನ ಸಭೆ ಕರೆದು, ಆಮೇಲೆ ‘ತಾಯಂದಿರಿಗೆ ಆಸಕ್ತಿ ಇಲ್ಲ’ ಎಂದು ವರದಿ ಬರೆಯುವುದಿದೆಯಲ್ಲ, ಅದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಾನೂ ಹೆಡ್‌ಮಾಸ್ತರಕಿ ಮಾಡಿದವಳೇ, ಸಭೆಯ ದಿನ ಬದಲಿಸಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದು ಗೊತ್ತಿದೆ.

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲಿ ಆಯಿತು, 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 24ನೇ ಕಲಮಿನಲ್ಲಿ ಶಿಕ್ಷಕರ ಕರ್ತವ್ಯಗಳಿವೆ. ಪಾಲಕರನ್ನು ಆಗಾಗ ಕಂಡು, ಮಗುವಿನ ಹಾಜರಿ ಹೇಗಿದೆ, ಕಲಿಯುವ ಶಕ್ತಿ ಹೇಗಿದೆ, ಎಲ್ಲಿಯ ತನಕ ಕಲಿತಿದೆ ಎಂದು ತಿಳಿಸುವುದು ಅದರಲ್ಲೊಂದು. ಹಾಗಾಗಿ ನೀವು ಕೇಳಿದರೆ ಯಾರಿಂದಲೂ ಉಪಕಾರ ಬೇಡಿದಂತಾಗುವುದಿಲ್ಲ. ಮಗಳ ಕೈಯಲ್ಲೇ ಹೇಳಿ ಕಳಿಸಿರಿ: ‘ನಮ್ಮವ್ವಗ ಮುಂಜಾನೆ ಪ್ರಾರ್ಥನಾಕ್ಕಿಂತ ಮೊದಲ ಬರಾಕ ಆಗತೈತಿ, ಯಾವತ್ತ ಬರಲಿ?’ ಹತ್ತು ನಿಮಿಷ ಸಾಕು. ನಿಮ್ಮ ಜೋಡಿ ಕುಂತು ತೊಟ್ಟು ಬಿಡಿಸುವವರ ಮಕ್ಕಳೂ ಅದೇ ಸಾಲಿಯಲ್ಲಿದ್ದರೆ ಕೂಡಿಯೇ ಹೋಗಿರಿ. ಒಬ್ಬರೇ ಹೋದರೆ ಮಾತು ಬಾಗಿಲಲ್ಲೇ ಮುಗಿಯುತ್ತದೆ, ನಾಲ್ಕು ಮಂದಿ ಹೋದರೆ ಕುರ್ಚಿ ಹಾಕುತ್ತಾರೆ.

ಹೋದಮೇಲೆ ‘ನನ್ನ ಮಗಳು ಹೆಂಗ ಅದಾಳ್ರಿ?’ ಎಂದು ಕೇಳಬೇಡಿ. ಅದಕ್ಕೆ ‘ಚಲೋ ಅದಾಳ, ಸ್ವಲ್ಪ ಮಾತು ಹೆಚ್ಚು’ ಎಂಬ ಉತ್ತರ ಎಲ್ಲ ಶಿಕ್ಷಕರ ಬಾಯಲ್ಲೂ ತಯಾರಿರುತ್ತದೆ. ‘ನನ್ನ ಮುಂದ ಒಂದ್ ಪಾಠ ಓದಿಸ್ರಿ, ಒಂದ್ ಲೆಕ್ಕ ಮಾಡಿಸ್ರಿ’ ಅನ್ನಿರಿ. ಕೇಂದ್ರ ಸರಕಾರ 2021ರಲ್ಲಿ ‘ನಿಪುಣ ಭಾರತ’ ಎಂಬ ಕಾರ್ಯಕ್ರಮ ತಂದಿತು. ಮೂರನೇ ಇಯತ್ತೆ ಮುಗಿಸಿದ ಮಗು ನಿಮಿಷಕ್ಕೆ 60 ಶಬ್ದವಾದರೂ ತಿಳಿದುಕೊಂಡು ಓದಬೇಕು, 9999ರ ತನಕ ಅಂಕಿ ಓದಿ ಬರೆಯಬೇಕು ಎಂಬುದು ಅದರ ಗುರಿ. ನಿಮ್ಮ ಮಗಳು ಈಗ ನಾಲ್ಕರಲ್ಲಿದ್ದಾಳೆ. ಆಕೆಗೆ ಅಷ್ಟು ಬರುತ್ತದೋ ಇಲ್ಲವೋ ಎಂದು ನೇರವಾಗಿ ಕೇಳಿರಿ. ಬರದಿದ್ದರೆ ಎಲ್ಲಿ ನಿಂತಿದ್ದಾಳೆ, ಅದಕ್ಕೆ ಸಾಲಿಯಲ್ಲಿ ಏನು ಮಾಡುತ್ತಾರೆ, ಮನೆಯಲ್ಲಿ ನೀವು ಏನು ಮಾಡಬೇಕು? ಈ ಮೂರು ಮಾತಿಗೆ ಉತ್ತರ ಸಿಗುವ ತನಕ ಏಳಬೇಡಿ.

ಇನ್ನು ಓದು ಬಾರದ ತಾಯಿ ಮನೆಯಲ್ಲಿ ಏನು ನೋಡಬೇಕು? ಬಹಳ ಇದೆ. ರಾತ್ರಿ ನೀವು ರೊಟ್ಟಿ ಬಡಿಯುವಾಗ ಆಕೆ ಪಕ್ಕದಲ್ಲಿ ಕುಂತು ಗಟ್ಟಿಯಾಗಿ ಓದಲಿ. ಕಿವಿಗೊಟ್ಟು ಕೇಳಿರಿ. ಅಕ್ಷರ ಬಿಡಿಬಿಡಿಸಿ ಓದುತ್ತಾಳೋ, ನಿಮ್ಮ ಹತ್ತಿರ ಮಾತಾಡಿದಂತೆ ಓದುತ್ತಾಳೋ? ಬಿಡಿಬಿಡಿಸಿ ಓದಿದರೆ ಇನ್ನೂ ಕೆಳಗಿನ ಇಯತ್ತೆಯ ಪುಸ್ತಕ ಬೇಕು ಎಂದರ್ಥ. ಪುಸ್ತಕ ಮುಚ್ಚಿಸಿ ‘ಯಾರು ಬಂದ್ರು? ಮುಂದ ಏನಾತು? ನೀ ಆಗಿದ್ರ ಏನ್ ಮಾಡತಿದ್ದಿ?’ ಎಂದು ಕೇಳಿರಿ. ಹಾಡು ಹೇಳಿದಂತೆ ಸರಸರ ಓದಿ, ಕೇಳಿದ ಮಾತಿಗೆ ಬಾಯಿ ಬಿಡದಿದ್ದರೆ ಆಕೆ ಬಾಯಿಪಾಠ ಮಾಡಿದ್ದಾಳೆ. ಇದನ್ನು ಕಂಡುಹಿಡಿಯಲು ಅಕ್ಷರ ಬರಬೇಕೆಂದಿಲ್ಲ. ವಹಿ ತೆರೆದು ನೋಡಿರಿ. ಕೆಂಪು ಶಾಯಿ ಎಷ್ಟು ಹಾಳೆಗೊಮ್ಮೆ ಕಾಣುತ್ತದೆ? ಎಲ್ಲಾ ಕಡೆ ಬರೇ ‘ಸರಿ’ ಗುರುತಿದ್ದರೆ ಶಿಕ್ಷಕರು ಓದದೆ ತಿದ್ದಿದ್ದಾರೆ, ಎಲ್ಲೂ ಗುರುತಿಲ್ಲದಿದ್ದರೆ ತೆರೆದೇ ಇಲ್ಲ.

ಲೆಕ್ಕಕ್ಕಂತೂ ನಿಮ್ಮ ಕೆಲಸಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ. ನಿಮ್ಮ ಕಡೆಯ ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ತಾಯಿ ಆವತ್ತು ಬಿಡಿಸಿದ ಕೆಜಿ ಹೇಳುತ್ತಾಳೆ, ಮಗಳು ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಚೌಕದೊಳಗೆ ಬರೆಯುತ್ತಾಳೆ. ಪಗಾರ ಕೊಡುವ ಹಿಂದಿನ ರಾತ್ರಿ ಮಗಳು ಅದನ್ನೆಲ್ಲ ಕೂಡಿಸಿ, ಕೆಜಿ ದರದಿಂದ ಗುಣಿಸಿ, ಒಂದು ಚೀಟಿ ಬರೆದುಕೊಡಬೇಕು. ಮರುದಿನ ಕೈಗೆ ಬಂದ ರೊಕ್ಕ ಚೀಟಿಗೆ ತಾಳೆಯಾಗದಿದ್ದರೆ ತಾಯಿ ಅಲ್ಲೇ ತಕರಾರು ತೆಗೆಯುತ್ತಾಳೆ. ದಶಕ ಕೈಬಿಟ್ಟರೆ ಅವ್ವನ ಮರ್ಯಾದೆ ಹೋಗುತ್ತದೆಂದು ಆ ಹುಡುಗಿ ಕೆಳಗಿನಿಂದ ಒಮ್ಮೆ, ಮೇಲಿನಿಂದ ಒಮ್ಮೆ ಕೂಡಿಸುತ್ತಿತ್ತು. ಸಾಲಿಯಲ್ಲಿ ಎಷ್ಟು ಹೊಡಕೊಂಡರೂ ಎರಡನೇ ಸಲ ತಾಳೆ ನೋಡುವ ರೂಢಿಯನ್ನು ಮಕ್ಕಳಿಗೆ ಕಲಿಸಲು ನಮ್ಮಿಂದ ಆಗಿರಲಿಲ್ಲ.

ತಾಯಿಗೆ ಓದು ಬಾರದಿದ್ದರೂ ಆಕೆ ಪಕ್ಕದಲ್ಲಿ ಕುಂತರೆ ಮಗುವಿಗೆ ಉಪಯೋಗವಿದೆಯೇ ಎಂಬುದನ್ನು ಬಿಹಾರ, ರಾಜಸ್ಥಾನದ ಹಳ್ಳಿಗಳಲ್ಲಿ ಲೆಕ್ಕ ಹಾಕಿ ನೋಡಿದ್ದಾರೆ. ಮಕ್ಕಳ ಶಿಕ್ಷಣಕ್ಕಾಗಿ ದುಡಿಯುವ ಪ್ರಥಮ್ ಸಂಸ್ಥೆಯವರು ಕೆಲವು ತಾಯಂದಿರಿಗೆ ಅಕ್ಷರ ಕಲಿಸಿದರು. ಇನ್ನು ಕೆಲವರ ಮನೆಗೆ ವಾರಕ್ಕೊಮ್ಮೆ ತಾಯಿ-ಮಗು ಕೂಡಿ ಮಾಡುವ ಚಟುವಟಿಕೆ ಹಾಳೆ ಒಯ್ದು ಕೊಟ್ಟರು. ಎರಡೂ ಕಡೆ ಮಕ್ಕಳ ಗಣಿತ ಸ್ವಲ್ಪ ಸುಧಾರಿಸಿತು. ಸ್ವಲ್ಪವೇ, ಪವಾಡವೇನೂ ಆಗಲಿಲ್ಲ. ಆದರೆ ಬರೇ ಹಾಳೆ ಕೊಟ್ಟ ಮನೆಗಳ ಮಕ್ಕಳು ತಾಯಿಗೆ ಅಕ್ಷರ ಕಲಿಸಿದ ಮನೆಗಳ ಮಕ್ಕಳಿಗಿಂತ ಹಿಂದೆ ಬೀಳಲಿಲ್ಲ ಎಂಬುದನ್ನು ನೀವು ಗಮನಿಸಬೇಕು.

ಒಂದು ಎಚ್ಚರಿಕೆ. ಲೆಕ್ಕ ಮನೆಯಲ್ಲಿ ಇರಲಿ. ಮೆಣಸಿನಕಾಯಿ ರಾಶಿ ಹಂತೇಕ ಮಗಳನ್ನು ಕೆಲಸಕ್ಕೆ ಕೂಡಿಸಬೇಡಿ, ರಜಾ ದಿನವೂ ಬೇಡ. 14 ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಹಚ್ಚುವುದು ಕಾಯ್ದೆ ಪ್ರಕಾರ ಅಪರಾಧ, ಘಾಟು ಬೇರೆ.

ಪ್ರಶ್ನೆ: ಮಗ ಹುಬ್ಬಳ್ಳಿಯ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಎರಡನೇ ತರಗತಿ. ವಾರಕ್ಕೊಂದು ಪ್ರಾಜೆಕ್ಟ್. ನನ್ನ ಹೆಂಡತಿ ರಾತ್ರಿ ಹನ್ನೊಂದರ ತನಕ ಥರ್ಮಾಕೋಲ್ ಕತ್ತರಿಸುತ್ತಾಳೆ. ವಾಟ್ಸಾಪ್ ಗುಂಪಿನಲ್ಲಿ ಬೇರೆಯವರ ಫೋಟೋ ನೋಡಿ ಜಗಳ. ಇದನ್ನೇ ಶಾಲೆಯವರು ‘ಪೇರೆಂಟ್ ಇನ್ವಾಲ್ವ್‌ಮೆಂಟ್’ ಅನ್ನುತ್ತಾರೆ. — ಉಣಕಲ್

ಅಲ್ರೀ ಸರ, ಮಗನ ಹೆಸರಿನಲ್ಲಿ ನಿಮ್ಮ ಮನೆಯವರು ಎರಡನೇ ತರಗತಿ ಪಾಸಾಗುತ್ತಿದ್ದಾರೆ ಅಷ್ಟೇ. ಮಗ ಮಾಡಿದ ಮಾದರಿಯ ಗೋಳಗುಮ್ಮಟ ವಾರೆಯಾದರೂ ಆಗಲಿ. ಹುಡುಗನೇ ಕತ್ತರಿಸಿದ್ದು, ಅವನೇ ಅಂಟಿಸಿದ್ದು ಹೋಗಲಿ, ಜೊತೆಗೆ ‘ಇದು ಅವನೇ ಮಾಡಿದ್ದು’ ಎಂದು ಡೈರಿಯಲ್ಲಿ ಕನ್ನಡದಲ್ಲೇ ಬರೆದು ಕಳಿಸಿರಿ. ಗುಂಪಿನಲ್ಲಿ ನಾಲ್ಕು ಮನೆಯವರಿಗಾದರೂ ಒಳಗೊಳಗೇ ಇದೇ ಸಂಕಟ ಇರುತ್ತದೆ. ಒಬ್ಬರು ಬಾಯಿ ಬಿಟ್ಟರೆ ಉಳಿದವರು ಹೂಂಗುಡುತ್ತಾರೆ.

ಇಂಗ್ಲಿಷ್ ಬಾರದ ತಾಯಿ ಎಂದು ಮನೆಯವರು ಹಿಂಜರಿಯುವುದೂ ಬೇಡ. ಆವತ್ತಿನ ಪಾಠವನ್ನು ಮಗ ಕನ್ನಡದಲ್ಲಿ ಅವರಿಗೆ ತಿಳಿಸಿ ಹೇಳಲಿ. ಕನ್ನಡದಲ್ಲಿ ಹೇಳಲು ಬಾರದ ಪಾಠ ಇಂಗ್ಲಿಷಿನಲ್ಲೂ ತಿಳಿದಿರುವುದಿಲ್ಲ. ರವಿವಾರ ಎಲ್ಲರೂ ಕೂಡಿ ಧಾರವಾಡದ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಹೋಗಿ ಬನ್ನಿರಿ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಅಲ್ಲಿ ಮುಟ್ಟಿ, ತಿರುಗಿಸಿ ನೋಡಲು ಬೇಕಾದಷ್ಟಿದೆ, ಥರ್ಮಾಕೋಲಿನ ಗರಜಿಲ್ಲ.

ನಿಮ್ಮ ಪತ್ರದ ಕೊನೆಗೆ, ಸಣ್ಣ ಮಗಳ ಪ್ರವೇಶಕ್ಕೆ ತಂದೆ-ತಾಯಿಯ ಸಂದರ್ಶನ ಇಟ್ಟಿದ್ದಾರೆ ಎಂದು ಬರೆದಿದ್ದೀರಿ. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟರೆ, ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮಿನ ಪ್ರಕಾರ ಮಗುವನ್ನಾಗಲಿ ಪಾಲಕರನ್ನಾಗಲಿ ಹಾಗೆ ಪರೀಕ್ಷಿಸಿ ಆರಿಸುವಂತಿಲ್ಲ. ಮೊದಲ ಸಲ ತಪ್ಪಿದರೆ 25,000 ರೂಪಾಯಿ ತನಕ ದಂಡ, ಆಮೇಲಿನ ಪ್ರತಿ ಸಲಕ್ಕೆ 50,000.

ಪ್ರಶ್ನೆ: ನಮ್ದು ಲಂಬಾಣಿ ತಾಂಡಾ. ಮಗ, ಸೊಸಿ ಗೋವಾಕ್ಕ ದುಡಿಯಾಕ ಹೊಂಟಾರ, ಮಳಿಗಾಲಕ್ಕ ಬರತಾರ. ಇಬ್ಬರು ಮೊಮ್ಮಕ್ಕಳು, ಎರಡನೇತ್ತ ಮತ್ತ ಐದನೇತ್ತ. ಕರಕೊಂಡು ಹೋಗಲೋ, ನನ್ನ ಹಂತೇಕ ಬಿಡಲೋ ಅಂತ ಕೇಳಾಕತ್ತಾರ. ನನಗ ವಯಸ್ಸಾಗೇತಿ, ಸಾಲಿ ಗೊತ್ತಿಲ್ಲ. — ಮುಂಡರಗಿ ತಾಲೂಕು

ಅಜ್ಜಾರ, ನಿಮ್ಮ ಕೈಕಾಲು ಗಟ್ಟಿ ಇದ್ದು, ಇಬ್ಬರಿಗೂ ಹೊತ್ತಿಗೆ ಸರಿಯಾಗಿ ಊಟ ಹಾಕುವವರು ಮನೆಯಲ್ಲಿದ್ದರೆ ಇಲ್ಲೇ ಇರಲಿ ಎಂಬುದು ನನ್ನ ಅಭಿಪ್ರಾಯ. ವಾಸ್ಕೋ ಕಡೆ ಕನ್ನಡ ಸಾಲಿಗಳಿವೆ. ಆದರೆ ಕಟ್ಟಡದ ಕೆಲಸ ಇವತ್ತೊಂದು ಕಡೆ, ನಾಳೆ ಒಂದು ಕಡೆ. ಅಲ್ಲಿ ಐದನೇತ್ತಿ ಹುಡುಗಿ ಪುಸ್ತಕ ಹಿಡಿಯುವ ಬದಲು ಸಣ್ಣ ಕೂಸುಗಳನ್ನು ಎತ್ತಿಕೊಂಡು ಕೂರುವುದನ್ನು ನಾನು ಬಹಳ ಕಂಡಿದ್ದೇನೆ.

ಗುಳೆ ಹೋಗುವವರ ಮಕ್ಕಳು ಇಲ್ಲೇ ಉಳಿಯಲೆಂದು, ಆ ತಿಂಗಳುಗಳ ಮಟ್ಟಿಗೆ ವಸತಿ ವ್ಯವಸ್ಥೆ ಮಾಡಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ಅದು ತಾನಾಗಿ ತಾಂಡಾಕ್ಕೆ ನಡೆದು ಬರುವುದಿಲ್ಲ. ಹೆಡ್‌ಮಾಸ್ತರರನ್ನು, ನಿಮ್ಮ ಸುತ್ತಲಿನ ಸಾಲಿಗಳನ್ನು ನೋಡಿಕೊಳ್ಳುವ ಕ್ಲಸ್ಟರಿನ ಸಿಆರ್‌ಪಿಯವರನ್ನು ಕೇಳಿರಿ. ಎಷ್ಟು ಮನೆಯವರು ಹೋಗುತ್ತಾರೆ, ಎಷ್ಟು ಮಕ್ಕಳು ಉಳಿಯುತ್ತಾರೆ ಎಂದು ತಾಂಡಾದ ಹಿರಿಯರು ಕೂಡಿ ಒಂದು ಯಾದಿ ಬರೆಸಿ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟು, ಸ್ವೀಕೃತಿ ಸಹಿ ತಗೊಳ್ಳಿರಿ. ಬಾಯಿ ಮಾತಿಗೆ ಅಲ್ಲಿ ಕಡತ ತೆರೆಯುವುದಿಲ್ಲ.

ಕರೆದುಕೊಂಡೇ ಹೋಗುತ್ತೇವೆ ಎಂದರೆ ಇಷ್ಟು ನೆನಪಿರಲಿ. ಇಬ್ಬರ ಸ್ಯಾಟ್ಸ್ ನಂಬರನ್ನು (ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಪ್ರತಿ ಮಗುವಿಗಿರುವ ನಂಬರು) ಸಾಲಿಯಲ್ಲಿ ಕೇಳಿ, ಮಗನ ಮೊಬೈಲಿನಲ್ಲೂ ಬರೆದು, ನಿಮ್ಮ ರೇಷನ್ ಕಾರ್ಡಿನ ಜೊತೆಗೂ ಒಂದು ಚೀಟಿ ಇಡಿರಿ. ಕಾಯ್ದೆಯ 5ನೇ ಕಲಮಿನ ಪ್ರಕಾರ ಇಲ್ಲಿಯ ಹೆಡ್‌ಮಾಸ್ತರರು ವರ್ಗಾವಣೆ ಪತ್ರವನ್ನು ತಡಮಾಡದೆ ಕೊಡಬೇಕು. ಪತ್ರ ಇನ್ನೂ ಬಂದಿಲ್ಲ ಎಂಬ ಕಾರಣಕ್ಕೆ ಅಲ್ಲಿಯ ಸರಕಾರಿ ಸಾಲಿ ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ. ವರ್ಷದ ನಡುವೆ ಹೋದರೂ ಸೇರಿಸಿಕೊಳ್ಳಬೇಕು. ತಿರುಗಿ ಬಂದಾಗ ಇಲ್ಲಿಯವರಿಗೂ ಇದೇ ಮಾತು ಅನ್ವಯ.

ಮಕ್ಕಳು ನಿಮ್ಮಲ್ಲೇ ಉಳಿದರೆ ಮಗ-ಸೊಸಿ ರಾತ್ರಿ ಫೋನ್ ಮಾಡುವ ಹೊತ್ತು ಗೊತ್ತು ಮಾಡಿಕೊಳ್ಳಲಿ. ‘ಉಂಡ್ರೇನು, ಹಠ ಮಾಡಬ್ಯಾಡ್ರಿ’ ಎಂದು ಇಡುವ ಬದಲು ಆವತ್ತಿನ ಒಂದು ಪದ್ಯ ಹೇಳಿಸಲಿ, ಒಂದು ಮಗ್ಗಿ ಕೇಳಲಿ. ಎರಡನೇತ್ತಿ ಹುಡುಗನದು ನಲಿ-ಕಲಿ ತರಗತಿ. 1995ರಲ್ಲಿ ಎಚ್.ಡಿ. ಕೋಟೆ ಕಡೆ ಸುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ಪದ್ಧತಿ ಅದು. ಗೋಡೆಯ ಮೇಲೆ ಕಲಿಕೆಯ ಏಣಿ ಇರುತ್ತದೆ, ಮಗು ಕಾರ್ಡಿನ ಮೇಲೆ ಕಾರ್ಡು ಮುಗಿಸುತ್ತ ಮೆಟ್ಟಿಲು ಹತ್ತುತ್ತದೆ. ‘ನಮ್ಮ ಹುಡುಗ ಯಾವ ಮೆಟ್ಟಲದಾಗ ಅದಾನ್ರಿ?’ ಎಂದು ಕೇಳಿದರೆ ಶಿಕ್ಷಕರು ಬೆರಳಿಟ್ಟು ತೋರಿಸಬೇಕು. ಒಂದು ತಿಂಗಳು ಬಿಟ್ಟು ಹೋದಾಗ ಬೆರಳು ಅಲ್ಲೇ ಇದ್ದರೆ ಯಾಕೆ ಎಂದು ಕೇಳಿರಿ. ಸಾಲಿ ಗೊತ್ತಿಲ್ಲ ಅಂದಿರಲ್ಲ, ಇಷ್ಟು ಗೊತ್ತಿದ್ದರೆ ಸಾಕು.

ಲಂಬಾಣಿ ಕತೆಗಳನ್ನು ಹೇಳುವುದು ಬಿಡಬೇಡಿ. ‘ಮನೆಯಲ್ಲಿ ಕನ್ನಡವನ್ನೇ ಮಾತಾಡಿಸಿರಿ’ ಎಂದು ಉಪದೇಶ ಮಾಡುವ ಶಿಕ್ಷಕರಿದ್ದಾರೆ. ಅದನ್ನು ಕೇಳಬೇಡಿ. ಕತೆ ಕೇಳಿ ಬೆಳೆದ ಹುಡುಗ ಯಾವ ಭಾಷೆಯ ಪುಸ್ತಕವನ್ನೂ ಬೇಗ ಹಿಡಿಯುತ್ತಾನೆ.

ಪ್ರಶ್ನೆ: ನಮ್ಮ ಶಾಲೆಯ ಎಸ್‌ಡಿಎಂಸಿಗೆ (ಶಾಲಾ ಅಭಿವೃದ್ಧಿ ಸಮಿತಿಗೆ) ನನ್ನನ್ನು ಸದಸ್ಯೆ ಮಾಡಿದ್ದಾರೆ. ಸಭೆ ಅಂದರೆ ಚಹಾ, ಒಂದು ಪುಸ್ತಕದಲ್ಲಿ ಸಹಿ. ಮೇಲೆ ಏನು ಬರೆದಿದೆ ಎಂದು ಕೇಳಿದರೆ ‘ಮಾಮೂಲಿ ರೀ ಅಕ್ಕಾರ’ ಅನ್ನುತ್ತಾರೆ. — ಶಿಗ್ಗಾವಿ ತಾಲೂಕು

ಆ ಪುಸ್ತಕ ಠರಾವು ಪುಸ್ತಕ. ಓದದೆ ಸಹಿ ಮಾಡಬೇಡಿ. ಖಾಲಿ ಹಾಳೆಯ ಕೆಳಗಂತೂ ಬೇಡವೇ ಬೇಡ. ‘ಗಟ್ಟಿಯಾಗಿ ಓದಿರಿ, ಎಲ್ಲರೂ ಕೇಳೋಣ’ ಅನ್ನಿರಿ, ಅದರಲ್ಲಿ ಯಾರಿಗೂ ಅವಮಾನವಿಲ್ಲ. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ 2001ರಿಂದಲೇ ಇದೆ, ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು ಆಮೇಲೆ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಎಂದು ಆ ಕಾಯ್ದೆಯ 21ನೇ ಕಲಮು ಹೇಳುತ್ತದೆ. ಸರಕಾರದಿಂದ ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಸಮಿತಿಯ ಕೆಲಸ.

ಮೊದಲ ವರ್ಷವೇ ಎಲ್ಲದಕ್ಕೂ ಕೈ ಹಾಕಲು ಹೋಗಬೇಡಿ. ಹೆಣ್ಣುಹುಡುಗಿಯರ ಪಾಯಖಾನೆಗೆ ನೀರು ಬರುತ್ತದೆಯೇ, ಒಳಗಿನಿಂದ ಚಿಲಕ ಇದೆಯೇ? ಅದನ್ನು ಗಂಡು ಸದಸ್ಯರು ಕೇಳುವುದಿಲ್ಲ, ನೀವು ಕೇಳಿರಿ. ಯಾವುದಾದರೊಂದು ದಿನ ಹೇಳದೆ ಕೇಳದೆ ಬಿಸಿಯೂಟದ ಹೊತ್ತಿಗೆ ಹೋಗಿ ಮಕ್ಕಳ ಪಂಕ್ತಿಯಲ್ಲೇ ಕುಂತು ಉಣ್ಣಿರಿ. ಆಮೇಲೆ, ಬಣ್ಣ, ಕಾಂಪೌಂಡು, ಧ್ವಜಸ್ತಂಭದ ಮಾತು ಮುಗಿದ ಮೇಲೆ, ‘ಐದನೇತ್ತಿಯಲ್ಲಿ ಎಷ್ಟು ಮಕ್ಕಳಿಗೆ ಎರಡನೇತ್ತಿ ಪುಸ್ತಕ ಓದಾಕ ಬರತೈತಿ?’ ಎಂದು ಒಂದೇ ಒಂದು ಪ್ರಶ್ನೆ ಕೇಳಿರಿ. ನಾನು ಕಂಡ ಬಹಳಷ್ಟು ಸಮಿತಿಗಳು ಗೋಡೆಯ ಬಣ್ಣಕ್ಕೆ ಎರಡು ತಾಸು ಜಗಳಾಡಿ ಈ ಪ್ರಶ್ನೆ ಕೇಳದೆ ಎದ್ದು ಹೋಗಿವೆ.

ಪ್ರಶ್ನೆ: ನಮ್ಮ ಮಗ ಆರನೇ ಇಯತ್ತೆ. ಮಾತಿನಲ್ಲಿ ಚುರುಕು, ಸೈಕಲ್ ರಿಪೇರಿ ಮಾಡುತ್ತಾನೆ. ಓದಲು ಕುಂತರೆ ಸಾಲು ತಪ್ಪುತ್ತದೆ, ಒತ್ತಕ್ಷರ ಬಿಡುತ್ತಾನೆ, ಬರೆದದ್ದು ಅವನಿಗೇ ತಿಳಿಯುವುದಿಲ್ಲ. ಶಾಲೆಯಲ್ಲಿ ‘ದಡ್ಡ’ ಅಂದುಬಿಟ್ಟಿದ್ದಾರೆ. ಇವರು ಬೆಲ್ಟ್ ತೆಗೆದುಕೊಳ್ಳುತ್ತಾರೆ. — ಧಾರವಾಡ

ಬೆಲ್ಟು ಇವತ್ತೇ ಮನೆಯಲ್ಲಿ ಬಂದ್ ಆಗಬೇಕು. ನಿಮ್ಮ ಯಜಮಾನರಿಗೆ ಈ ಪುಟವನ್ನೇ ತೋರಿಸಿರಿ, ನಾನು ಹೇಳಿದ್ದೇನೆ ಎನ್ನಿರಿ. ಬಡಿದರೆ ಅಕ್ಷರ ನೆಟ್ಟಗೆ ನಿಲ್ಲುವುದಿಲ್ಲ, ಹುಡುಗ ಮನೆಗೆ ತಡವಾಗಿ ಬರಲು ಕಲಿಯುತ್ತಾನೆ. ಶಾಲೆಯಲ್ಲಿ ಹೊಡೆಯುವುದನ್ನಷ್ಟೇ ಅಲ್ಲ, ಮನಸ್ಸಿಗೆ ನೋವಾಗುವಂತೆ ನಡೆಸಿಕೊಳ್ಳುವುದನ್ನೂ ಕಾಯ್ದೆಯ 17ನೇ ಕಲಮು ನಿಷೇಧಿಸುತ್ತದೆ. ‘ದಡ್ಡ’ ಎಂಬ ಮಾತು ಅದರೊಳಗೇ ಬರುತ್ತದೆ. ಇದನ್ನು ವರ್ಗ ಶಿಕ್ಷಕರಿಗೆ ಜಗಳವಿಲ್ಲದೆ, ಆದರೆ ಕಣ್ಣಲ್ಲಿ ಕಣ್ಣಿಟ್ಟು ಹೇಳಿರಿ.

ಮೊದಲು ಕಣ್ಣು, ಕಿವಿ ತೋರಿಸಿರಿ. ವರ್ಷಕ್ಕೊಮ್ಮೆ ಶಾಲೆಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡ ನೋಡಿರಬಹುದು, ಏನು ಬರೆದಿದ್ದಾರೆಂದು ಕೇಳಿರಿ. ಎರಡೂ ಸರಿ ಇದ್ದರೆ ನೀವು ಬರೆದ ಲಕ್ಷಣಗಳು ಕಲಿಕಾ ನ್ಯೂನತೆಯ ಕಡೆ, ಅಂದರೆ ಬುದ್ಧಿ ಚುರುಕಿದ್ದರೂ ಓದು-ಬರಹ ಕೈಗೆ ಹತ್ತದ ತೊಂದರೆಯ ಕಡೆ, ಬೆರಳು ತೋರಿಸುತ್ತವೆ. ಅದು ಇದೆಯೋ ಇಲ್ಲವೋ ಎಂದು ನಾನು ಪತ್ರ ಓದಿ ಹೇಳುವಂತಿಲ್ಲ, ಶಾಲೆಯವರೂ ಹೇಳುವಂತಿಲ್ಲ. ನಿಮ್ಮೂರಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಲ್ಲಿ ಮನಶ್ಶಾಸ್ತ್ರಜ್ಞರು ಪರೀಕ್ಷೆ ಮಾಡುತ್ತಾರೆ. ‘ಹುಚ್ಚರ ದವಾಖಾನಿಗೆ ಯಾಕ ಕರಕೊಂಡು ಹೋದ್ರಿ’ ಎಂದು ಬಂಧುಬಳಗದವರು ಅಂದಾರು, ಅನ್ನಲಿ. ಹೋಗುವಾಗ ಹಳೆಯ ವಹಿಗಳನ್ನೂ ಪ್ರಗತಿ ಪತ್ರಗಳನ್ನೂ ಒಯ್ಯಿರಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ತೊಂದರೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರ ಸಿಕ್ಕರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚಿನ ಸಮಯ, ಬೇಕಾದರೆ ಬರೆದುಕೊಡುವವರು, ಇಂಥ ಸವಲತ್ತುಗಳಿವೆ. ಹತ್ತನೇ ಇಯತ್ತೆಯ ಜನವರಿಯಲ್ಲಿ ಓಡಾಡುವುದಕ್ಕಿಂತ ಈಗಲೇ ಆಗಲಿ. ಬಿಇಓ ಕಚೇರಿಯ ವ್ಯಾಪ್ತಿಯಲ್ಲಿ ಇಂಥ ಮಕ್ಕಳಿಗೆಂದೇ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಹೆಡ್‌ಮಾಸ್ತರರ ಮೂಲಕ ಅವರನ್ನು ಕೇಳಿ ಪಡೆಯಿರಿ.

ಮನೆಯಲ್ಲಿ ಮಾಡುವ ಒಂದು ಕೆಲಸ ಹೇಳಿಕೊಡುತ್ತೇನೆ. ಅವನಿಗೆ ಇಷ್ಟವಾದದ್ದನ್ನು ಆರಿಸಲಿ, ಸೈಕಲ್ಲಿನ ಬಗ್ಗೆಯಾದರೂ ಸರಿ, ಪೇಪರಿನ ಕ್ರಿಕೆಟ್ ಸುದ್ದಿಯಾದರೂ ಸರಿ. ನೀವಿಬ್ಬರೂ ಒಂದೇ ಪುಟವನ್ನು ಒಟ್ಟಿಗೆ, ಒಂದೇ ದನಿಯಲ್ಲಿ ಗಟ್ಟಿಯಾಗಿ ಓದಿರಿ. ಸಾಲಿನ ಕೆಳಗೆ ಒಂದು ಪಟ್ಟಿ ಇಟ್ಟುಕೊಳ್ಳಿರಿ, ಸಾಲು ತಪ್ಪುವುದಿಲ್ಲ. ‘ಇನ್ನು ನಾನೊಬ್ಬನೇ ಓದುತ್ತೇನೆ’ ಅನ್ನಿಸಿದಾಗ ಅವನು ನಿಮ್ಮ ಕೈ ತಟ್ಟಲಿ, ನೀವು ಸುಮ್ಮನಾಗಿರಿ. ಎಡವಿದಾಗ ಸ್ವಲ್ಪ ಹೊತ್ತು ತಡೆದು, ಶಬ್ದವನ್ನು ನೀವೇ ಹೇಳಿ ಮತ್ತೆ ಜೊತೆಗೂಡಿರಿ. ‘ಎಷ್ಟ ಸಲ ಹೇಳಬೇಕು’ ಎಂಬ ಮಾತು ಬರಬಾರದು. ದಿನಕ್ಕೆ ಹತ್ತು-ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಬೀಗರು ಬಂದಾಗ ‘ಓದಿ ತೋರಿಸು’ ಎಂದು ನಿಲ್ಲಿಸಬೇಡಿ. ಸೈಕಲ್ಲಿನ ಚೈನು ಹಾಕಿ ತೋರಿಸಲಿ.

ಪ್ರಶ್ನೆ: ನಾನು ಗರಗದ ಹತ್ತಿರದ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕ. ಪಾಲಕರ ಸಭೆಗೆ ಎಷ್ಟು ಕರೆದರೂ ಜನ ಬರುವುದಿಲ್ಲ. ಬಂದವರು ಹಿಂದೆ ನಿಂತು ಹೋಗುತ್ತಾರೆ. — ಧಾರವಾಡ ತಾಲೂಕು

ಸರ, ಕಳೆದ ಸಭೆಯಲ್ಲಿ ನೀವು ಏನು ಮಾತಾಡಿದಿರಿ ಎಂದು ನೆನಪಿಸಿಕೊಳ್ಳಿರಿ. ಗೈರುಹಾಜರಿ, ಆಧಾರ್, ಬ್ಯಾಂಕ್ ಖಾತೆ, ‘ನಿಮ್ಮ ಹುಡುಗ ಭಾಳ ಗದ್ಲ ಮಾಡತಾನ’. ಬೈಸಿಕೊಳ್ಳಲು ಅರ್ಧ ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಜಾಯ್ಸ್ ಎಪ್‌ಸ್ಟೈನ್ ಎಂಬ ವಿದ್ವಾಂಸೆ ಮನೆ-ಶಾಲೆ ಸಂಬಂಧವನ್ನು ಆರು ಬಗೆಯಾಗಿ ವಿಂಗಡಿಸಿದ್ದಾರೆ: ಮಕ್ಕಳ ಪಾಲನೆ, ಶಾಲೆ-ಮನೆ ಮಾತುಕತೆ, ಶಾಲೆಯ ಕೆಲಸಕ್ಕೆ ಕೈಗೂಡಿಸುವುದು, ಮನೆಯಲ್ಲಿ ಕಲಿಕೆ, ನಿರ್ಧಾರಗಳಲ್ಲಿ ಪಾಲು, ಊರಿನೊಂದಿಗೆ ಸಹಕಾರ. ನಾವು ಎರಡನೆಯದರ ಅರ್ಧವನ್ನಷ್ಟೇ ಮಾಡುತ್ತೇವೆ. ನಾವು ಹೇಳುತ್ತೇವೆ, ಅವರು ಕೇಳುತ್ತಾರೆ.

ಸಭೆಯಲ್ಲಿ ಮಾತನ್ನು ಮಕ್ಕಳಿಗೆ ಬಿಡಿರಿ. ಪ್ರತಿ ಮಗುವೂ ತನ್ನ ಮನೆಯವರ ಎದುರು ಕುಂತು ತನ್ನ ವಹಿಯನ್ನು ತಾನೇ ತೋರಿಸಲಿ, ಇದು ಬರುತ್ತದೆ, ಇದು ಇನ್ನೂ ಬರುವುದಿಲ್ಲ ಎಂದು ಹೇಳಲಿ. ‘ಸಮುದಾಯದತ್ತ ಶಾಲೆ’ ಕಾರ್ಯಕ್ರಮದ ಆಶಯವೂ ಇದೇ ಇತ್ತು. ನಾವು ಅದನ್ನು ಶಾಮಿಯಾನ, ಭಾಷಣ ಮಾಡಿಬಿಟ್ಟೆವು. ಸಭೆಗೆ ಮುಂಚೆ ಒಂದು ತಿಂಗಳು, ದಿನಕ್ಕೆ ಒಂದು ಮನೆಗೆ ಫೋನ್ ಮಾಡಿ ಬರೇ ಒಳ್ಳೆಯ ಸುದ್ದಿ ಹೇಳಿರಿ. ಮೊದಲ ಸಲ ‘ಏನ್ ತಪ್ಪು ಮಾಡ್ಯಾನ್ರಿ ಸರ?’ ಎಂದು ಗಾಬರಿಯಾಗುತ್ತಾರೆ, ಅಷ್ಟು ರೂಢಿ ಮಾಡಿಟ್ಟಿದ್ದೇವೆ.

ಇನ್ನು ನಿಮ್ಮ ಊರಿನ ಭಾಗ್ಯ ಬೇರೆ ಯಾರಿಗಿದೆ? ಗರಗದ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜದ ಬಟ್ಟೆ ನೇಯುತ್ತಾರೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಧ್ವಜ ತಯಾರಾಗುತ್ತದೆ. ನಿಮ್ಮ ಶಾಲೆಯ ಮಕ್ಕಳಲ್ಲಿ ನೂಲುವ, ನೇಯುವ ತಾಯಿ, ಅಜ್ಜಿ, ಅತ್ತೆ ಯಾರಾದರೂ ಇದ್ದೇ ಇರುತ್ತಾರೆ. ಐದನೇ ಇಯತ್ತೆಗೆ ಅನುಪಾತ ಕಲಿಸುವ ದಿನ ಅವರನ್ನು ಕರೆಯಿರಿ, ಕುರ್ಚಿ ಮುಂದೆ ಹಾಕಿರಿ. ಧ್ವಜದ ಉದ್ದ-ಅಗಲ ಯಾವತ್ತೂ 3:2. ನಿಯಮದಲ್ಲಿರುವ ಒಂಬತ್ತು ಅಳತೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ಎಲ್ಲಕ್ಕಿಂತ ಸಣ್ಣದು 150ಕ್ಕೆ 100. ಭಾಗಿಸಿ ನೋಡಲಿ ಹುಡುಗರು, ಎರಡೂ ಒಂದೂವರೆಯೇ. ಚಕ್ರಕ್ಕೆ 24 ಅರೆಗಳು, ಒಂದರಿಂದ ಇನ್ನೊಂದಕ್ಕೆ ಎಷ್ಟು ಕೋನ? ಎಳೆ ಎಣಿಸುವುದು ಹೇಗೆ, ಒಂದು ಎಳೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಆಕೆ ಹೇಳುವಷ್ಟು ಚೆನ್ನಾಗಿ ನೀವೂ ಹೇಳಲಾರಿರಿ, ನಾನೂ ಹೇಳಲಾರೆ. 2021ರ ಕೊನೆಗೆ ನಿಯಮ ಬದಲಾಗಿ ಪಾಲಿಸ್ಟರ್, ಯಂತ್ರದ ಧ್ವಜಗಳಿಗೂ ಅನುಮತಿ ಸಿಕ್ಕಿತು. ಅದರಿಂದ ತನ್ನ ಕೆಲಸಕ್ಕೆ ಏನಾಯಿತು ಎಂದು ಆಕೆ ಹೇಳಿದರೆ ಸಮಾಜ ವಿಜ್ಞಾನದ ಪಾಠವೂ ಆಯಿತು. ಮುಂದಿನ ಸಭೆಗೆ ಆಕೆ ಹಿಂದೆ ನಿಲ್ಲುವುದಿಲ್ಲ, ಓಣಿಯ ನಾಲ್ವರನ್ನು ಕರೆದುಕೊಂಡೇ ಬರುತ್ತಾಳೆ.

ಪ್ರಶ್ನೆ: ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಓದಲು ಏನೂ ಇಲ್ಲ. ಕೊಂಡು ತರುವ ಶಕ್ತಿ ಇಲ್ಲ. — ರಾಣೆಬೆನ್ನೂರು ತಾಲೂಕು

ಗ್ರಾಮ ಪಂಚಾಯ್ತಿಯ ಗ್ರಂಥಾಲಯಕ್ಕೆ ಹೋಗಿರಿ. ಈಗ ಅದಕ್ಕೆ ‘ಅರಿವು ಕೇಂದ್ರ’ ಎಂಬ ಬೋರ್ಡು ಇರುತ್ತದೆ. 2020ರಲ್ಲಿ ಸುರುವಾದ ‘ಓದುವ ಬೆಳಕು’ ಅಭಿಯಾನದಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ಬಾಗಿಲು ಹಾಕಿದ್ದರೆ ಯಾವ ಹೊತ್ತಿಗೆ ತೆರೆಯುತ್ತಾರೆಂದು ಪಿಡಿಓ ಅವರನ್ನೇ ಕೇಳಿರಿ. ಮೊಬೈಲ್ ಇದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಚಿತ್ರಸಹಿತ ಕನ್ನಡ ಕತೆಗಳು ಪುಕ್ಕಟೆ ಸಿಗುತ್ತವೆ, ಮೆಟ್ಟಿಲು ಪ್ರಕಾರ ವಿಂಗಡಿಸಿದ್ದಾರೆ, ಒಂದನೆಯದರಿಂದ ಸುರು ಮಾಡಿರಿ. ಪಠ್ಯಪುಸ್ತಕದೊಳಗಿನ ಕಪ್ಪು-ಬಿಳಿ ಚೌಕವನ್ನು ದೀಕ್ಷಾ ಆ್ಯಪಿನಿಂದ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೋ ತೆರೆಯುತ್ತದೆ. ಹಿಂದಿನ ಇಯತ್ತೆಯ ಪುಸ್ತಕ ಕಳೆದಿದ್ದರೆ ಕರ್ನಾಟಕ ಪಠ್ಯಪುಸ್ತಕ ಸಂಘದ ತಾಣದಿಂದ ಇಳಿಸಿಕೊಳ್ಳಬಹುದು. ಧಾರವಾಡಕ್ಕೆ ಬಂದಾಗ ಬಾಲವಿಕಾಸ ಅಕಾಡೆಮಿಯಲ್ಲೂ ಮಕ್ಕಳ ಪುಸ್ತಕಗಳನ್ನು ವಿಚಾರಿಸಿರಿ. ಆದರೆ ಮೊಬೈಲನ್ನು ಮಗುವಿನ ಕೈಗೆ ಕೊಟ್ಟು ನೀವು ಆಚೆ ಹೋದರೆ ಐದನೇ ನಿಮಿಷಕ್ಕೆ ಕತೆ ಹೋಗಿ ರೀಲ್ಸ್ ಬಂದಿರುತ್ತದೆ. ಪಕ್ಕದಲ್ಲೇ ಕೂರಿರಿ.

ಪ್ರಶ್ನೆ: ಮಗಳು ಎಸ್ಸೆಸ್ಸೆಲ್ಸಿ. ಟಿವಿ ತೆಗೆದಿಟ್ಟಿದ್ದೇವೆ, ಮದುವೆ-ಮುಂಜಿವಿಗೆ ಹೋಗುತ್ತಿಲ್ಲ. ಇನ್ನೇನು ಮಾಡಬೇಕು? — ಅಣ್ಣಿಗೇರಿ

ಮಾಡಿದ್ದೇ ಸ್ವಲ್ಪ ಹೆಚ್ಚಾಯಿತು. ಆಕೆ ರಾತ್ರಿ ಸರಿಯಾಗಿ ಮಲಗಲಿ, ಹತ್ತಿರದ ಮದುವೆ ಇದ್ದರೆ ಉಂಡು ಬರಲಿ. ಈಗ ಒಂದೇ ವರ್ಷದಲ್ಲಿ ಪರೀಕ್ಷೆ ಬರೆಯಲು ಒಂದಕ್ಕಿಂತ ಹೆಚ್ಚು ಅವಕಾಶಗಳಿವೆ, ಇದನ್ನು ಆಕೆಗೂ ಅಜ್ಜಿಗೂ ತಿಳಿಸಿರಿ. ಓಣಿಯ ಯಾವ ಹುಡುಗಿಯ ಅಂಕವನ್ನೂ ಊಟದ ಹೊತ್ತಿಗೆ ಎತ್ತಬೇಡಿ. ಮನೆಯವರೇ ಮಾಡಬೇಕಾದ ಕೆಲಸ ಒಂದಿದೆ: ಶಾಲೆಗೆ ಹೋಗಿ ಮಗಳ ಹೆಸರು, ನಿಮ್ಮಿಬ್ಬರ ಹೆಸರು, ಹುಟ್ಟಿದ ತಾರೀಖು ಬೋರ್ಡಿಗೆ ಸರಿಯಾಗಿ ಹೋಗಿವೆಯೇ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅಕ್ಷರ ಅಕ್ಷರ ಓದಿ ನೋಡಿರಿ. ಅಂಕಪಟ್ಟಿ ಬಂದ ಮೇಲೆ ತಿದ್ದಿಸಲು ಬೆಂಗಳೂರಿನ ತನಕ ಕಾಗದ ಓಡಾಡಬೇಕಾಗುತ್ತದೆ.